ತಾತನ ಟ್ರಂಕಿನಲ್ಲಿ ಸಿಕ್ಕ ಎರಡು ಪೈಪು: ಯಾವ ಕಾಲದ್ದು, ಹೇಗೆ ಶುಚಿ ಮಾಡಲಿ?

ಒಂಟಿಕೊಪ್ಪಲ್_ಹುಡುಗ
ಎಲ್ಲರಿಗೂ ನಮಸ್ಕಾರ. ಹೋದ ವಾರ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ ಟ್ರಂಕು ಸಿಕ್ಕಿತು. ಒಳಗೆ ನಕ್ಷೆಗಳ ಸುರುಳಿ, ಗೆದ್ದಲು ಹಿಡಿದ ಬೂಟು, ಮತ್ತೆ ಹೊಗೆಸೊಪ್ಪು ಸೇದುವ ಎರಡು ಪೈಪು. ಸಣ್ಣದನ್ನು ಅಮ್ಮ ಆಗಲೇ ಗುಜರಿ ರಾಶಿಗೆ ಎಸೆದಿದ್ದರು. ನಾನೇ ವಾಪಸ್ ಎತ್ತಿಕೊಂಡೆ.

ದೊಡ್ಡದು ಚೆನ್ನಾಗಿದೆ. ಬಾಗಿದ ಪೈಪು, ಕತ್ತಿಗೆ ಬೆಳ್ಳಿ ಬಣ್ಣದ ಟೊಪ್ಪಿ, ಅದರ ಮೇಲೆ ಚಿಕ್ಕ ಚಿಕ್ಕ ಗುರುತುಗಳು. ಬಾಯಿಗಿಡುವ ಕಡೆ ಹಸಿರು ಹಸಿರಾಗಿ, ನಾಯಿ ಕಡಿದ ಹಾಗೆ ಹಲ್ಲಿನ ಗುರುತು. ಸಣ್ಣದು ನೆಟ್ಟಗಿದೆ, ಮರ ಪೂರ್ತಿ ಕಪ್ಪು, ಏನೂ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ತಾತ ಕನ್ನಂಬಾಡಿ ಕಟ್ಟೆ ಕೆಲಸದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಕಟ್ಟೆ ಮುಗಿದಾಗ ಒಬ್ಬ ಇಂಜಿನಿಯರ್ ದೊರೆ ಅವರಿಗೆ ಪೈಪ್ ಕೊಟ್ಟು ಹೋದರಂತೆ. ಅದು ಇದೇನಾ ಅಂತ ತಿಳಿಯಬೇಕು. ದಸರಾದೊಳಗೆ ಫಳಫಳ ಮಾಡಿ ಷೋಕೇಸಿನಲ್ಲಿ ಇಡುವ ಆಸೆ. ಉಪ್ಪುಕಾಗದ ತಂದಿಟ್ಟುಕೊಂಡಿದ್ದೇನೆ.

ನಿರ್ವಾಹಕ
ಹಳೇ ವಸ್ತುಗಳ ಮಾತಿಗೆ ಅಡ್ಡಿ ಇಲ್ಲ. ಸೇದುವ ಚರ್ಚೆ, ಮಾರುವ ಕೊಳ್ಳುವ ಚರ್ಚೆ ಇಲ್ಲಿ ಬೇಡ.

ಬ್ರಯರ್_ಭಟ್ಟ
ಆ ಉಪ್ಪುಕಾಗದ ದಯವಿಟ್ಟು ಬೀರುವಿನಲ್ಲಿ ಇಟ್ಟು ಬೀಗ ಹಾಕಿ.

ಕೋಪ ಮಾಡಿಕೊಳ್ಳಬೇಡಿ. ಪೈಪಿನ ವಯಸ್ಸು ಇರುವುದು ಮರದ ಮೇಲೆ ಒತ್ತಿದ ಅಕ್ಷರದಲ್ಲಿ. ಅದರ ಆಳ ಒಂದು ಕೂದಲಿನಷ್ಟು. ಎರಡು ಸಲ ಉಜ್ಜಿದರೆ ಮುಗಿಯಿತು, ಆಮೇಲೆ ಯಾರು ಬಂದರೂ ಹೇಳಲಾಗುವುದಿಲ್ಲ. ಮೊದಲು ಓದಿ, ಆಮೇಲೆ ಒರೆಸಿ.

ಓದುವುದಕ್ಕೆ ದುಬಾರಿ ಸಾಮಾನು ಬೇಡ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಬಿಡಿ. ಆಗಲೂ ಕಾಣದಿದ್ದರೆ ದೇವರ ಮನೆಯಿಂದ ಚಿಟಿಕೆ ವಿಭೂತಿ ತಂದು ಅಕ್ಷರದ ಮೇಲೆ ಬೆರಳಲ್ಲಿ ಮೆತ್ತಗೆ ಸವರಿ, ಮೇಲಿನದನ್ನು ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಗೀರಿನೊಳಗೆ ಬಿಳಿ ನಿಲ್ಲುತ್ತದೆ. ಹಳ್ಳಿಯಲ್ಲಿ ಶಾಸನ ಓದುವವರು ಕಲ್ಲಿಗೆ ಸುಣ್ಣದ ಪುಡಿ ಸವರುತ್ತಿದ್ದರಲ್ಲ, ಅದೇ ಉಪಾಯ. ಮರಕ್ಕೆ ಮಾತ್ರ. ಬೆಳ್ಳಿಗೆ ವಿಭೂತಿ ಮುಟ್ಟಿಸಬೇಡಿ.

ಒಂಟಿಕೊಪ್ಪಲ್_ಹುಡುಗ
ಸರ್, ಬಂತು! ವಿಭೂತಿ ಸವರಿದ ಕೂಡಲೇ ದೊಡ್ಡ ಪೈಪಿನ ಕತ್ತಿನ ಮೇಲೆ ಮೂರು ಸಾಲು ಎದ್ದು ಬಂತು. 'ಮೇಡ್ ಇನ್ ದಿ', ಕೆಳಗೆ 'ರಿಪಬ್ಲಿಕ್', ಅದರ ಕೆಳಗೆ 'ಆಫ್ ಐರ್ಲೆಂಡ್'. ಇನ್ನೊಂದು ಮಗ್ಗುಲಲ್ಲಿ ಪೀಟರ್ಸನ್ಸ್, ಸಿಸ್ಟಮ್ ಸ್ಟ್ಯಾಂಡರ್ಡ್, 314. ಟೊಪ್ಪಿಯ ಮೇಲೆ ಕೆ ಮತ್ತು ಪಿ ಅಕ್ಷರ, ಜೊತೆಗೆ ಮೂರು ಚಿತ್ರ: ಮೂರೆಲೆಯ ಸೊಪ್ಪು, ಮಲಗಿದ ನಾಯಿ, ಒಂದು ಗೋಪುರ. ಇದು ಬೆಳ್ಳಿ ಮುದ್ರೆ ತಾನೇ?

ಬ್ರಯರ್_ಭಟ್ಟ
ಅಲ್ಲ. ಎಲ್ಲರೂ ಬೀಳುವ ಗುಂಡಿ ಇದು.

ಕೆ, ಪಿ ಅಂದರೆ ಕಾಪ್ ಮತ್ತು ಪೀಟರ್ಸನ್. ಡಬ್ಲಿನ್ನಿನಲ್ಲಿ ಕಾಪ್ ಅಣ್ಣತಮ್ಮಂದಿರ ಅಂಗಡಿ ಇತ್ತು. ಲಾಟ್ವಿಯಾ ಕಡೆಯಿಂದ ಬಂದ ಚಾರ್ಲ್ಸ್ ಪೀಟರ್ಸನ್ ಎಂಬ ಮರಗೆಲಸದವನು ಅವರ ಜೊತೆ ಸೇರಿಕೊಂಡ. ಇನ್ನು ಸೊಪ್ಪು, ನಾಯಿ, ಗೋಪುರ. ಆ ನಾಯಿಯನ್ನು ಕೆಲವರು ನರಿ ಅನ್ನುತ್ತಾರೆ, ಬಿಡಿ. ಅವು ನಿಕ್ಕಲ್ ಟೊಪ್ಪಿಯ ಮೇಲೆ ಕಂಪನಿಯವರೇ ಒತ್ತಿದ ಅಲಂಕಾರ. ಸರ್ಕಾರಿ ಬೆಳ್ಳಿ ಮುದ್ರೆಯ ಹಾಗೆ ಕಾಣಲಿ ಅಂತ ಹಾಗೆ ಜೋಡಿಸಿದ್ದಾರೆ, ಅಷ್ಟೆ. ಡಬ್ಲಿನ್ನಿನ ನಿಜವಾದ ಬೆಳ್ಳಿ ಮುದ್ರೆಯಲ್ಲಿ ಕೂತಿರುವ ಹೆಂಗಸು, ಕಿರೀಟವಿರುವ ಹಾರ್ಪ್ ವಾದ್ಯ, ಜೊತೆಗೆ ವರ್ಷದ ಒಂದು ಅಕ್ಷರ ಇರುತ್ತದೆ. ನಿಮ್ಮದು ನಿಕ್ಕಲ್.

ವಯಸ್ಸು ಹೇಳುವುದು ದೇಶದ ಹೆಸರು. ಐರ್ಲೆಂಡಿನವರು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ, ಪದೇ ಪದೇ ದೇಶದ ಹೆಸರು ಬದಲಾಯಿಸಿದರು. 1922ರಿಂದ 1937ರವರೆಗೆ ಅದು ಐರಿಷ್ ಫ್ರೀ ಸ್ಟೇಟ್. ಆಮೇಲೆ ಐರೆ. 1949ರ ಏಪ್ರಿಲ್ 18ರಿಂದ ರಿಪಬ್ಲಿಕ್. ಪೈಪಿನ ಮೇಲಿನ ಹೆಸರೂ ಇದರ ಹಿಂದೆಯೇ ಬದಲಾಯಿತು. 'ರಿಪಬ್ಲಿಕ್' ಅಂತ ಇದ್ದರೆ 1949ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಮಂಡ್ಯ_ಮೇಷ್ಟ್ರು
ಹಾಗಾದರೆ ದೊರೆ ಕಥೆ ಹೋಯಿತು. ಕನ್ನಂಬಾಡಿ 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷದಲ್ಲಿ ಮುಗಿಯಿತು. ನಮ್ಮ ಕಡೆಯವರು ನಾಲೆ ನೀರಲ್ಲಿ ಹದಿನೈದು ಸಲ ಕಬ್ಬು ಕಡಿದಾದ ಮೇಲೆ ಹುಟ್ಟಿದ ಪೈಪಪ್ಪಾ ಇದು.

ಒಂಟಿಕೊಪ್ಪಲ್_ಹುಡುಗ
ಸ್ವಲ್ಪ ಬೇಜಾರಾಯಿತು. ಅಪ್ಪನಿಗೆ ಹೇಳಿದರೆ 'ನಿನ್ನ ಇಂಟರ್ನೆಟ್ಟಿನವರಿಗೆ ಏನು ಗೊತ್ತು' ಅಂದರು. ತಾತ ತೀರಿಕೊಂಡಿದ್ದು 1974ರಲ್ಲಿ. ಅಂದರೆ 1949ರಿಂದ 1974ರ ನಡುವಿನದು, ಅಷ್ಟು ಖಂಡಿತ ಅಲ್ವಾ?

ಬ್ರಯರ್_ಭಟ್ಟ
ಅಷ್ಟು ಖಂಡಿತ. ಆ ಮುದ್ರೆ ಎಷ್ಟೋ ವರ್ಷ ನಡೆಯಿತು, ಹಾಗಾಗಿ ಮುದ್ರೆಯೊಂದರಿಂದಲೇ ಇನ್ನೂ ಹತ್ತಿರಕ್ಕೆ ಹೋಗಲಾಗದು. ತಾತ ಅದನ್ನು ಕೈಯಲ್ಲಿ ಹಿಡಿದ ಹಳೇ ಫೋಟೋ ಇದ್ದರೆ ಹುಡುಕಿ. ಮುದ್ರೆಗಿಂತ ಅದು ಒಳ್ಳೆಯ ಸಾಕ್ಷಿ.

ಮಂಡ್ಯ_ಮೇಷ್ಟ್ರು
ಉಜ್ಜುವುದರ ಬಗ್ಗೆ ಭಟ್ಟರು ಹೇಳಿದ್ದಕ್ಕೆ ನನ್ನದೊಂದು ಗೋಳು ಸೇರಿಸುತ್ತೇನೆ. ನನ್ನ ಹತ್ತಿರ ಇಂಗ್ಲೆಂಡಿನ ಡನ್‌ಹಿಲ್ ಕಂಪನಿಯ ಒಂದು ಪೈಪು ಇತ್ತು, ಮಾವನವರದ್ದು. ಒಬ್ಬ ಪಾಲಿಶ್ ಅಂಗಡಿಯವರಿಗೆ ಕೊಟ್ಟೆ, ಸುಮ್ನೆ ಸ್ವಲ್ಪ ಹೊಳಪು ಬರಲಿ ಅಂತ. ಪಾತ್ರೆ ಹೊಳೆಸುವ ಮೋಟಾರ್ ಚಕ್ರಕ್ಕೆ ಹಿಡಿದರು. ಕನ್ನಡಿ ಹಾಗೆ ಆಗಿ ಬಂತು, ಮುಖ ನೋಡಿಕೊಳ್ಳಬಹುದು. ಅಕ್ಷರ ಒಂದೂ ಇಲ್ಲ. ಬಾಯಿಗಿಡುವ ಸ್ಟೆಮ್ ಮೇಲೆ ಕಂಪನಿ ಹಾಕುವ ಬಿಳಿ ಚುಕ್ಕೆ ಮಾತ್ರ ನನ್ನನ್ನು ನೋಡಿ ನಗುತ್ತಾ ಕೂತಿದೆ.

ಬ್ರಯರ್_ಭಟ್ಟ
ಅಯ್ಯೋ ಮೇಷ್ಟ್ರೇ. ಡನ್‌ಹಿಲ್‌ನಲ್ಲಿ ವರ್ಷ ಹೇಳುವುದೇ 'ಇಂಗ್ಲೆಂಡ್' ಪದದ ಬಾಲದಲ್ಲಿರುವ ಪುಟ್ಟ ಅಂಕಿ, ಸಾಸಿವೆ ಕಾಳಿನಷ್ಟು. 1920ರ ದಶಕದಿಂದ ಹಾಕುತ್ತಿದ್ದರು. ಅದು ಇದ್ದರೂ ತಲೆನೋವು ತಪ್ಪದು. ಬರೀ 4 ಅಂತ ಇದ್ದರೆ ಯಾವ ದಶಕದ 4 ಅಂತ ಅಂಕಿಯ ಗಾತ್ರ, ಅಡಿಗೆರೆ, ಪೇಟೆಂಟ್ ನಂಬರ್ ಎಲ್ಲ ನೋಡಿ ಹೇಳಬೇಕು. ಅಕ್ಷರವೇ ಇಲ್ಲದ ಮೇಲೆ ಬಿಳಿ ಚುಕ್ಕೆ ಏನೂ ಸಾಬೀತು ಮಾಡುವುದಿಲ್ಲ. ಸ್ಟೆಮ್ ಯಾರು ಬೇಕಾದರೂ ಬದಲಾಯಿಸಬಹುದು.

ಮಂಡಿಮೊಹಲ್ಲಾ_ಕುಸುರಿ
ನಾನು ಬೀಟೆ ಮರದ ಕುಸುರಿ ಕೆಲಸದವನು. ಪೈಪಿನ ಮರ ಯಾವುದು ಸರ್? ನಮ್ಮ ಬೀಟೆಯಲ್ಲಿ ಮಾಡಬಹುದಾ?

ಬ್ರಯರ್_ಭಟ್ಟ
ಬ್ರಯರ್. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆ. ಕಾಂಡ ಅಲ್ಲ, ಬೇರಿನ ಬುಡದಲ್ಲಿ ಬೆಳೆಯುವ ಗಂಟು. ಅದನ್ನು ಕತ್ತರಿಸಿ, ಗಂಟೆಗಟ್ಟಲೆ ನೀರಲ್ಲಿ ಬೇಯಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿಗೆ ಬೇಗ ಸುಡುವುದಿಲ್ಲ. ಬೀಟೆ ಬೇಡ. ಅದರ ಪುಡಿಗೇ ಎಷ್ಟು ಜನಕ್ಕೆ ಮೈ ಕೆರೆತ ಬರುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಒಂಟಿಕೊಪ್ಪಲ್_ಹುಡುಗ
ಸರಿ, ಓದಿ ಆಯಿತು. ಫೋಟೋನೂ ತೆಗೆದಿಟ್ಟೆ. ಈಗ ಶುಚಿ ಮಾಡಬಹುದಾ? ಸೊಪ್ಪು ತುಂಬುವ ಬೌಲಿನ ಒಳಗೆ ಇದ್ದಿಲಿನ ಹಾಗೆ ಗಟ್ಟಿಯಾಗಿ ಕಟ್ಟಿಕೊಂಡಿದೆ, ಕಿರುಬೆರಳೂ ಹೋಗುವುದಿಲ್ಲ. ವಾಸನೆ ಅಂತೂ ಕೇಳಬೇಡಿ.

ಬ್ರಯರ್_ಭಟ್ಟ
ಆ ಇದ್ದಿಲ ಪದರ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಜಾಸ್ತಿ ಇರಬಾರದು. ಕಾದಾಗ ಅದು ಮರಕ್ಕಿಂತ ಜಾಸ್ತಿ ಹಿಗ್ಗಿ ಬೌಲನ್ನೇ ಸೀಳುತ್ತದೆ. ಚಾಕು ಹಾಕಬೇಡಿ, ತುದಿ ತಳಕ್ಕೆ ತಾಗಿ ಗುಳಿ ಬೀಳುತ್ತದೆ. ಬೆರಳು ಗಾತ್ರದ ದುಂಡು ಕೋಲಿಗೆ ಒರಟು ಕಾಗದ ಸುತ್ತಿ ನಿಧಾನ ತಿರುಗಿಸಿ. ನಿಮ್ಮ ಉಪ್ಪುಕಾಗದಕ್ಕೆ ಈಗ ಕೆಲಸ ಬಂತು ನೋಡಿ.

ಕತ್ತಿನ ಒಳಗೆ ಸ್ಪಿರಿಟ್. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಏನೇನೋ ಬೆರೆಸಿರುತ್ತಾರೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವ ಐಸೋಪ್ರೊಪೈಲ್ ತನ್ನಿ. ಹೊರಗಿನ ಮರಕ್ಕೆ ತಾಗದಂತೆ ನೋಡಿಕೊಳ್ಳಿ. ಹಳೇ ಪಾಲಿಶ್ ಅರಗಿನದ್ದಾಗಿದ್ದರೆ ಕರಗಿ ಹೋಗುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ದೀಪ ಬೇಡ.

ಹುಣಸೂರಿನವಳು
ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ಹಿತ್ತಲಲ್ಲೇ ಎಲೆ ಒಣಗಿಸುವ ಬ್ಯಾರನ್. ಹಸಿ ಎಲೆ ಮುರಿಯುವ ದಿನ ಕೈಗೆ ಹತ್ತುವ ಕಪ್ಪು ಅಂಟು ಮೂರು ಸಲ ಸೋಪು ಹಾಕಿದರೂ ಬಿಡುವುದಿಲ್ಲ. ಒಣಗಿದ ಎಲೆ ಸುಟ್ಟು ಎಷ್ಟೋ ವರ್ಷ ಕೂತ ಅಂಟು ಹೇಗಿರಬೇಡ!

ಬೌಲಿಗೆ ಉಪ್ಪು ತುಂಬಿ ಸ್ಪಿರಿಟ್ ಹನಿಸಿ ಒಂದು ರಾತ್ರಿ ಬಿಟ್ಟರೆ ಉಪ್ಪು ಕಂದು ಬಣ್ಣಕ್ಕೆ ತಿರುಗಿ ಎಲ್ಲ ಎಳೆದುಕೊಳ್ಳುತ್ತದೆ ಅಂತ ಓದಿದ್ದೆ. ಅದನ್ನು ಯಾಕೆ ಹೇಳಲಿಲ್ಲ ಭಟ್ಟರೇ?

ಬ್ರಯರ್_ಭಟ್ಟ
ಬೇಕಂತಲೇ ಹೇಳಲಿಲ್ಲ ಅಕ್ಕ. ಕೆಲಸ ಮಾಡುತ್ತದೆ, ನಿಜ. ಆದರೆ ಉಪ್ಪು ಕತ್ತಿನ ಸಂದಿಗೆ ಇಳಿದರೆ ಅಲ್ಲೇ ಹರಳುಗಟ್ಟಿ ಮರ ಸೀಳುತ್ತದೆ ಅಂತ ಹೆದರುವವರು ತುಂಬಾ ಜನ, ನಾನೂ ಅದೇ ಪಂಗಡ. ಉಪ್ಪಿನ ಬದಲು ಹತ್ತಿ ಉಂಡೆ ತುರುಕಿ ಸ್ಪಿರಿಟ್ ಹನಿಸಿ. ಅದೂ ಬೆಳಿಗ್ಗೆಗೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ.

ಹುಣಸೂರಿನವಳು
ನಾನು ಉಪ್ಪಿನ ಪಂಗಡ. ಎರಡು ಪೈಪಿಗೆ ಮಾಡಿದ್ದೇನೆ, ಒಂದೂ ಸೀಳಲಿಲ್ಲ. ಎರಡೇ ಪೈಪು, ಅದೂ ನಿಜ.

ಒಂಟಿಕೊಪ್ಪಲ್_ಹುಡುಗ
ಪೈಪ್ ಕ್ಲೀನರ್ ಅಂತ ಸಯ್ಯಾಜಿರಾವ್ ರಸ್ತೆ ಕಡೆಯೆಲ್ಲ ಕೇಳಿದೆ. ಮಕ್ಕಳ ಕ್ರಾಫ್ಟಿಗೆ ಬರುವ ಬಣ್ಣಬಣ್ಣದ ತಂತಿ ಕೊಟ್ಟರು. ಅದು ನೀರನ್ನೇ ಹೀರುವುದಿಲ್ಲ, ಪ್ಲಾಸ್ಟಿಕ್ ನೂಲು. ಕೊನೆಗೆ ಅಜ್ಜಿ ಹೊಸೆದಿಟ್ಟಿದ್ದ ದೀಪದ ಬತ್ತಿ ಡಬ್ಬಿ ಸಿಕ್ಕಿತು. ಉದ್ದ ಬತ್ತಿಯನ್ನು ತೆಂಗಿನ ಪೊರಕೆ ಕಡ್ಡಿಗೆ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಕತ್ತಿನೊಳಗೆ ತಿರುಗಿಸಿದೆ. ಮೊದಲ ಬತ್ತಿ ಕೀಲೆಣ್ಣೆ ಹಾಗೆ ಕಪ್ಪಾಗಿ ಬಂತು. ಹತ್ತನೆಯದು ಬೆಲ್ಲದ ಬಣ್ಣ. ಇಪ್ಪತ್ತಮೂರನೆಯದು ಬೆಳ್ಳಗೆ ಬಂತು. ಕತ್ತಿನ ಕೆಳಗೆ ಒಂದು ಗುಳಿ ಇದೆ, ಜಾಸ್ತಿ ಕೊಳೆ ಅಲ್ಲೇ ಇತ್ತು. ತಪ್ಪಾಗಿ ಕೊರೆದಿದ್ದಾರಾ?

ಬ್ರಯರ್_ಭಟ್ಟ
ಬತ್ತಿ ಉಪಾಯಕ್ಕೆ ಕೈ ಮುಗಿದೆ. ಆ ಗುಳಿ ತಪ್ಪಲ್ಲ, ಅದೇ 'ಸಿಸ್ಟಮ್'. ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ ಉಪಾಯ. ಹೊಗೆಯಲ್ಲಿನ ತೇವ ಆ ಗುಳಿಗೆ ಇಳಿದು ನಿಲ್ಲುತ್ತದೆ, ಬಾಯಿಗೆ ಬರುವುದಿಲ್ಲ. ಸ್ಟೆಮ್ ತುದಿ ನೋಡಿ, ತೂತು ನೇರವಾಗಿಲ್ಲ, ಮೇಲ್ಮುಖವಾಗಿದೆ. ಹೊಗೆ ನಾಲಗೆಗೆ ಬಡಿಯದೆ ಬಾಯಿಯ ಅಂಗಳಕ್ಕೆ ಹೋಗಲಿ ಅಂತ. ಅದು 1898ರದ್ದು.

ಒಂಟಿಕೊಪ್ಪಲ್_ಹುಡುಗ
ಒಂದು ಅನಾಹುತ ಆಯಿತು. ಹಲ್ಲಿನ ಗುರುತು ಬಿಸಿನೀರಲ್ಲಿ ಅದ್ದಿದರೆ ಮೇಲೇಳುತ್ತದೆ ಅಂತ ಎಲ್ಲೋ ನೋಡಿ, ಕುದಿಯುವ ನೀರಿಗೆ ಸ್ಟೆಮ್ ಹಾಕಿದೆ. ಗುರುತು ಎದ್ದಿತು. ಅದರ ಜೊತೆ ಸ್ಟೆಮ್ಮೂ ಎದ್ದಿತು! ಬಾಗಿದ್ದು ನೆಟ್ಟಗಾಗಿ ಕೂತಿದೆ. ಅಪ್ಪ ಇನ್ನೂ ನೋಡಿಲ್ಲ.

ಬ್ರಯರ್_ಭಟ್ಟ
ನಗಬಾರದು, ಆದರೂ ನಗು ಬಂತು. ಅದು ಎಬೊನೈಟ್, ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. ಹುಟ್ಟಿದಾಗ ನೆಟ್ಟಗಿತ್ತು, ಬಿಸಿ ಮಾಡಿ ಬಗ್ಗಿಸಿದ್ದರು. ಮತ್ತೆ ಬಿಸಿಯಾದಾಗ ಹಳೆಯದು ನೆನಪಾಯಿತು. ಹಲ್ಲಿನ ಗುರುತು ಏಳುವುದೂ ಅದೇ ಕಾರಣಕ್ಕೆ. ಹೆದರಬೇಡಿ. ಒಳಗಿನ ತೂತು ಮುಚ್ಚದಂತೆ ಆ ಕ್ರಾಫ್ಟ್ ತಂತಿ ತೂರಿಸಿ, ಅದಕ್ಕಾದರೂ ಬಂತು. ಮತ್ತೆ ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ಹಳೇ ಫೋಟೋ ಪಕ್ಕಕ್ಕಿಟ್ಟುಕೊಂಡು ಲೋಟದ ಬೆನ್ನಿಗೆ ಒತ್ತಿ ಬಗ್ಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ.

ಹಸಿರು ಬಣ್ಣ ಬಿಸಿಲಿಗೆ ಗಂಧಕ ಮೇಲೆ ಬಂದಿದ್ದು. ಗಾಡಿ ಪೇಂಟಿನವರ ವಾಟರ್ ಪೇಪರ್ ತನ್ನಿ, 600, 1000, 2000 ನಂಬರಿನವು ಒಂದಾದ ಮೇಲೊಂದು ಉಜ್ಜಿ, ಪ್ರತಿ ಸಲ ನೀರು ಹಾಕಿ. ಉಜ್ಜುವಾಗ ಕೊಳೆತ ಮೊಟ್ಟೆ ವಾಸನೆ ಬಂದರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ. ಸ್ಟೆಮ್ ಮೇಲೆ 'ಪಿ' ಗುರುತು ಇದ್ದರೆ ಆ ಜಾಗ ಬಿಡಿ.

ಒಂಟಿಕೊಪ್ಪಲ್_ಹುಡುಗ
ಬಗ್ಗಿತು! ಸ್ಟೀಲ್ ಲೋಟಕ್ಕೆ ಒತ್ತಿ ಹಿಡಿದೆ. ಮೊದಲಿಗಿಂತ ಸ್ವಲ್ಪ ಜಾಸ್ತಿ ಬಾಗಿದೆ, ಯಾರಿಗೂ ಗೊತ್ತಾಗುವುದಿಲ್ಲ. ಹಸಿರೂ ಹೋಯಿತು. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಲಾ?

ಮಂಡಿಮೊಹಲ್ಲಾ_ಕುಸುರಿ
ಬೇಡ ಅಣ್ಣ. ಅಡುಗೆ ಎಣ್ಣೆ ಯಾವುದೂ ಬೇಡ, ನಾಲ್ಕು ತಿಂಗಳಿಗೆ ಮುಗ್ಗಲು ಬರುತ್ತದೆ. ಒಂದು ಚೂರು ಜೇನುಮೇಣ ಅಂಗೈಯಲ್ಲಿ ಬಿಸಿ ಮಾಡಿ ಸವರಿ, ಹಳೇ ಪಂಚೆ ಬಟ್ಟೆಯಲ್ಲಿ ತಿಕ್ಕಿ. ಷೋಕೇಸಿಗೆ ಅಷ್ಟು ಸಾಕು.

ಒಂಟಿಕೊಪ್ಪಲ್_ಹುಡುಗ
ಈಗ ಸಣ್ಣದು. ಅಮ್ಮ ಎಸೆದಿದ್ದು. ಇದರ ಸ್ಟೆಮ್ ಹಳದಿ, ಬೆಲ್ಲದ ಪಾಕದ ಹಾಗೆ ಬೆಳಕು ಒಳಗೆ ಹೋಗುತ್ತದೆ. ಕತ್ತಿಗೆ ಬಳೆಯ ಹಾಗೆ ಒಂದು ಸಣ್ಣ ಲೋಹದ ಪಟ್ಟಿ. ಸ್ಟೆಮ್ ಎಷ್ಟು ಎಳೆದರೂ ಬರುತ್ತಿಲ್ಲ. ಇಕ್ಕಳ ಹಾಕಲಾ?

ಬ್ರಯರ್_ಭಟ್ಟ
ಹಾಕಬೇಡಿ! ಎಳೆಯಬೇಡಿ! ಹಳದಿ ಸ್ಟೆಮ್ ಅಂದ ಕೂಡಲೇ ಎದೆ ಧಸಕ್ಕೆಂದಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದು, ಎಡಕ್ಕೆ ಮೆಲ್ಲಗೆ ತಿರುಗಿಸಿ ನೋಡಿ, ಬಾಟಲಿ ಮುಚ್ಚಳ ತೆಗೆಯುವ ಹಾಗೆ.

ಒಂಟಿಕೊಪ್ಪಲ್_ಹುಡುಗ
ತಿರುಗಿತು ಸರ್. ಒಳಗೆ ಬಿಳಿ ತಿರುಪು ಇದೆ. ಪ್ಲಾಸ್ಟಿಕ್ಕಾ?

ಮಂಡಿಮೊಹಲ್ಲಾ_ಕುಸುರಿ
ಹತ್ತಿರದಿಂದ ಫೋಟೋ ಹಾಕಿ. … ಮೂಳೆ ಅದು. ಸಣ್ಣ ಸಣ್ಣ ಕಪ್ಪು ಗೆರೆ ಕಾಣುತ್ತದಲ್ಲ, ಪ್ಲಾಸ್ಟಿಕ್ಕಿನಲ್ಲಿ ಅದು ಬರುವುದಿಲ್ಲ. ನಮ್ಮಪ್ಪನ ಕಾಲದ ಪೆಟ್ಟಿಗೆಗಳಲ್ಲಿ ಇದನ್ನೇ ಕೂರಿಸುತ್ತಿದ್ದರು. ನೀರಲ್ಲಿ ನೆನೆಸಬೇಡಿ, ಉಬ್ಬಿದರೆ ವಾಪಸ್ ಕೂರುವುದಿಲ್ಲ.

ಬ್ರಯರ್_ಭಟ್ಟ
ಮೂಳೆ ತಿರುಪು ಅಂದರೆ ಹಳೇ ಪದ್ಧತಿ. ಮೊದಲ ಮಹಾಯುದ್ಧದ ಆಸುಪಾಸಿನವರೆಗೆ ಜಾಸ್ತಿ, ಆಮೇಲೆ ನೇರವಾಗಿ ತುರುಕುವ ಸ್ಟೆಮ್ಮೇ ಎಲ್ಲ ಕಡೆ. ಹಳದಿಯದು ಅಂಬರ್, ಅಂದರೆ ಕಲ್ಲಾದ ಮರದ ಅಂಟು, ಆಗಿರಬಹುದು, ಅಂಬರಿನ ಪುಡಿ ಒತ್ತಿ ಮಾಡಿದ್ದೂ ಆಗಿರಬಹುದು. ಉಪ್ಪು ನೀರಲ್ಲಿ ತೇಲಿಸಿ ನೋಡುವ ಪರೀಕ್ಷೆ ಇದೆ, ಆದರೆ ಮೂಳೆ ತಿರುಪು ಜೊತೆಗಿದ್ದರೆ ಅದು ಸುಳ್ಳು ಹೇಳುತ್ತದೆ. ಸ್ಪಿರಿಟ್ ತಾಗಿಸಬೇಡಿ, ಅಂಬರ್ ಮಂಕಾಗುತ್ತದೆ. ಪಟ್ಟಿಯ ಮೇಲೆ ಏನಿದೆ?

ಒಂಟಿಕೊಪ್ಪಲ್_ಹುಡುಗ
ಮರದ ಮೇಲೆ ವಜ್ರಾಕಾರದೊಳಗೆ ಮೂರು 'ಬಿ'. ಪಟ್ಟಿಯ ಮೇಲೆ 'ಎಎಫ್', ಒಂದು ಹಡಗಿನ ಲಂಗರು, ನಡೆಯುವ ಸಿಂಹ. ನಾಲ್ಕನೇ ಮನೆ ಖಾಲಿ. ಚೌಕಟ್ಟಿನ ಅಂಚು ಮಾತ್ರ ಇದೆ.

ಬ್ರಯರ್_ಭಟ್ಟ
ಇದು ನಿಜವಾದ ಬೆಳ್ಳಿ. ಮೂರು ಬಿ ಮತ್ತು ಎಎಫ್ ಅಂದರೆ ಲಂಡನ್ನಿನ ಅಡಾಲ್ಫ್ ಫ್ರಾಂಕೌ ಕಂಪನಿ. ಲಂಗರು ಅಂದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾಗಿದ್ದು, ಸಿಂಹ ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಖಾಲಿ ಮನೆಯಲ್ಲಿ ಇರಬೇಕಾಗಿದ್ದು ವರ್ಷದ ಅಕ್ಷರ. ಅಲ್ಲಿ 25 ವರ್ಷಕ್ಕೊಂದು ಸುತ್ತು: 1900ಕ್ಕೆ ಸಣ್ಣ ಎ, 1925ಕ್ಕೆ ದೊಡ್ಡ ಎ. ಆ ಒಂದು ಅಕ್ಷರ ಇದ್ದಿದ್ದರೆ ಈ ಚರ್ಚೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಇಷ್ಟು ಹೇಳಬಹುದು. ರಾಣಿಯ ತಲೆಯ ಗುರುತು ಇಲ್ಲ, ಅದು ಸುಂಕ ಕಟ್ಟಿದ ಮುದ್ರೆ, 1890ಕ್ಕೆ ನಿಂತಿತು. ಹಾಗಾಗಿ ಅದರ ನಂತರದ್ದು. ಮೂಳೆ ತಿರುಪು ನೋಡಿದರೆ 1920ರ ಈಚೆಗೆ ಬರುವುದು ಕಷ್ಟ. ಒಂದೇ ಒಂದು ಮನೆ ಅಷ್ಟು ಚೊಕ್ಕವಾಗಿ ಹೇಗೆ ಸವೆಯಿತು?

ಮಂಡ್ಯ_ಮೇಷ್ಟ್ರು
ಅಂದರೆ ಕಟ್ಟೆ ಮುಗಿಯುವ ಹೊತ್ತಿಗೆ ಇದು ಆಗಲೇ ಯಾರದೋ ಹಳೇ ಪೈಪು. ದೊರೆ ಹೊಸದು ಕೊಡಲಿಲ್ಲ ಅನ್ನಿ, ಕೊಟ್ಟಿದ್ದರೆ!

ಒಂಟಿಕೊಪ್ಪಲ್_ಹುಡುಗ
ನಿನ್ನೆ ಕೃಷ್ಣಮೂರ್ತಿಪುರಂ ಅತ್ತೆಗೆ ಫೋನ್ ಮಾಡಿದ್ದೆ. ದೊರೆ ವಿಷಯ ಅವರಿಗೂ ಕೇಳಿದ್ದಷ್ಟೇ ಗೊತ್ತು, ಯಾವ ಪೈಪು ಅಂತ ಗೊತ್ತಿಲ್ಲ. ಆದರೆ ಒಂದು ಹೇಳಿದರು. 'ಆಯುಧಪೂಜೆ ಹಿಂದಿನ ದಿನ ಅಮ್ಮ ಮನೇಲಿರೋ ಬೆಳ್ಳೀನೆಲ್ಲ ಕೆಳಗೆ ಹಾಕ್ಕೊಂಡು ಕೂತ್ಕೊಳೋಳು. ಪಂಚಪಾತ್ರೆ, ಕುಂಕುಮದ ಬಟ್ಟಲು, ಅಪ್ಪನ ಆ ಸಣ್ಣ ಪೈಪಿನ ಪಟ್ಟಿ. ಹೆಬ್ಬೆರಳಿಗೆ ವಿಭೂತಿ ಹಚ್ಚಿ ಒಂದೇ ಜಾಗದಲ್ಲಿ ತಿಕ್ಕಿದ್ದೂ ತಿಕ್ಕಿದ್ದೇ.'

ಪಟ್ಟಿ ಹಿಡಿದು ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಆ ನಾಲ್ಕನೇ ಮನೆ ಮೇಲೆ ಕೂರುತ್ತದೆ.

ಬ್ರಯರ್_ಭಟ್ಟ
…

ಹುಣಸೂರಿನವಳು
ಈ ಸಲ ಆಯುಧಪೂಜೆಗೆ ಉಜ್ಜುತ್ತೀರಾ?

ಒಂಟಿಕೊಪ್ಪಲ್_ಹುಡುಗ
ಇಲ್ಲ ಅಕ್ಕ. ಪಟ್ಟಿ ಕಪ್ಪಗಿರಲಿ. ಒಂದು ಹೂವು ಇಟ್ಟು ಸುಮ್ಮನಾಗುತ್ತೇನೆ. ಅಂದ ಹಾಗೆ ಬತ್ತಿ ಡಬ್ಬಿ ಖಾಲಿ ಆಯಿತು, ಸಣ್ಣದರ ಒಳಗಿನದು ಇನ್ನೂ ಬೆಲ್ಲದ ಬಣ್ಣದಲ್ಲೇ ಬರುತ್ತಿದೆ. ಉದ್ದ ಬತ್ತಿ ದೇವರಾಜ ಮಾರ್ಕೆಟ್ಟಿನಲ್ಲಿ ಕಟ್ಟುಗಟ್ಟಲೆ ಸಿಗುತ್ತದಾ, ಯಾರಿಗಾದರೂ ಗೊತ್ತಾ?